ಪ್ರಸಾರಕ್ಕೆ ಮುಂಚಿನ ಏಳು ಪಟ್ಟಿಗಳು

ಹಿಂದೆಲ್ಲ ಟಿ.ವಿ.ಯಲ್ಲಿ ಕಾರ್ಯಕ್ರಮ ಶುರುವಾಗುವ ಮುನ್ನ ಬಣ್ಣದ ಪಟ್ಟಿಗಳು ಕಾಣುತ್ತಿದ್ದವು, ಜೊತೆಗೆ ಒಂದೇ ಸಮನೆ ‘ಕೂಂ’ ಎನ್ನುವ ಸದ್ದು. ನೋಡುವವರಿಗೆ ಅದು ಕಾಯುವ ಹೊತ್ತು, ಎಂಜಿನಿಯರುಗಳಿಗೆ ಕೆಲಸದ ಹೊತ್ತು.

ಬಣ್ಣದ ಟಿ.ವಿ. ಇನ್ನೂ ರೂಪುಗೊಳ್ಳುತ್ತಿದ್ದಾಗ, 1951ರಲ್ಲಿ, ಅಮೆರಿಕದ ಆರ್‌ಸಿಎ ಪ್ರಯೋಗಾಲಯದ ಡೇವಿಡ್ ಹೋಮ್ಸ್ ಮತ್ತು ನಾರ್ಬರ್ಟ್ ಲಾರ್ಕಿ ಇಂಥ ಪಟ್ಟಿಗಳಿಗೆ ಪೇಟೆಂಟ್ ಕೋರಿದರು. ಕ್ಯಾಮೆರಾದ ಚಿತ್ರ ಕೆಂಪಗೆ ಬಂದರೆ ದೋಷ ಕ್ಯಾಮೆರಾದ್ದೋ, ತಂತಿಯದ್ದೋ, ಟಿ.ವಿ. ಸೆಟ್ಟಿನದ್ದೋ ಹೇಳುವುದು ಕಷ್ಟ. ಹೇಗಿರಬೇಕೆಂದು ಮೊದಲೇ ಗೊತ್ತಿರುವ ಚಿತ್ರ ಕಳಿಸಿದರೆ ದಾರಿಯಲ್ಲಿ ಕೆಟ್ಟದ್ದು ಮಾತ್ರ ಎದ್ದು ಕಾಣುತ್ತದೆ. ಬೂದು, ಹಳದಿ, ಹಸಿರುನೀಲಿ, ಹಸಿರು, ಮಜೆಂಟಾ, ಕೆಂಪು, ನೀಲಿ ಎಂಬ ಈಗಿನ ಕ್ರಮಕ್ಕೂ ಅರ್ಥವಿದೆ. ಎಡದಿಂದ ಬಲಕ್ಕೆ ಹೊಳಪು ಇಳಿಯುತ್ತದೆ. ಹಾಗಾಗಿ ಕಪ್ಪುಬಿಳುಪು ಸೆಟ್ಟಿನಲ್ಲೂ ಅದು ಮೆಟ್ಟಿಲಿನಂತೆ ಕಾಣುತ್ತದೆ.

1967ರಲ್ಲಿ ಬಿಬಿಸಿ ತನ್ನ ‘ಟೆಸ್ಟ್ ಕಾರ್ಡ್ ಎಫ್’ನಲ್ಲಿ ಒಬ್ಬ ಹುಡುಗಿಯ ಚಿತ್ರ ಹಾಕಿತು. ಚರ್ಮದ ಬಣ್ಣ ತಪ್ಪಿದರೆ ಯಾರ ಕಣ್ಣಾದರೂ ಹಿಡಿಯುತ್ತದೆ. ಅವಳ ಪಕ್ಕದ ಹಲಗೆಯ ಮೇಲಿನ ‘ಎಕ್ಸ್’ ಗುರುತು ಪರದೆಯ ನಟ್ಟನಡುವನ್ನು ತೋರಿಸುತ್ತಿತ್ತು.

ಈಗ ಅದೇ ಪಟ್ಟಿಗಳು ಲ್ಯಾಪ್‌ಟಾಪಿನಲ್ಲಿವೆ. ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಕ್ಯಾಮೆರಾ ಇಲ್ಲದೆಯೇ ಬಣ್ಣದ ಪಟ್ಟಿ, ಓಡುವ ಸೆಕೆಂಡುಗಳ ಅಂಕಿ, ಒಂದೇ ಸ್ವರದ ಸದ್ದು ಎಲ್ಲವನ್ನೂ ತಯಾರಿಸಿ ನೇರಪ್ರಸಾರಕ್ಕೆ ಕಳಿಸಬಲ್ಲದು. ಮೊದಲು ಇದನ್ನು ಕಳಿಸಿ, ನೋಡುಗರ ಮೊಬೈಲಿನಲ್ಲಿ ಪರೀಕ್ಷಿಸಬೇಕು. ಸರಿ ಬಂದರೆ ಸ್ಟ್ರೀಮ್ ಕೀ, ಸರ್ವರ್ ಎರಡೂ ಸರಿ ಇವೆ. ಆಮೇಲೆ ಸ್ಕ್ರೀನ್ ಕ್ಯಾಪ್ಚರ್‌ಗೆ ಬದಲಿಸಬೇಕು. ಆಗ ಪರದೆ ಕಪ್ಪಾದರೆ ಹುಡುಕಬೇಕಾದದ್ದು ನಮ್ಮ ಕಂಪ್ಯೂಟರಿನಲ್ಲೇ.

ಆದರೆ ಹಳೆಯ ಪರೀಕ್ಷೆಯನ್ನು ಹಾಗೇ ನಂಬಿದರೆ ಮೋಸ ಹೋಗುತ್ತೇವೆ. ಡಿಜಿಟಲ್ ವಿಡಿಯೊದಲ್ಲಿ ಅಲುಗಾಡದ ಪಟ್ಟಿಗಳು ಬಹಳ ಕಡಿಮೆ ಡೇಟಾಕ್ಕೆ ಕುಗ್ಗುತ್ತವೆ. ಹಳ್ಳಿಯ ದುರ್ಬಲ ನೆಟ್‌ವರ್ಕಿನಲ್ಲೂ ಅವು ಸಲೀಸಾಗಿ ದಾಟುತ್ತವೆ. ಗ್ರಾಮಸಭೆಯಲ್ಲಿ ಜನ ಎದ್ದು ನಿಂತು ಕೈಬೀಸಿ ಮಾತಾಡತೊಡಗಿದಾಗ ಡೇಟಾ ಏರುತ್ತದೆ, ಚಿತ್ರ ಅಲ್ಲೇ ನಿಲ್ಲುತ್ತದೆ. ಪ್ರಶ್ನೆ ಕೇಳಿದ ಹೆಣ್ಣುಮಗಳ ಮಾತು ಯಾರಿಗೂ ತಲುಪುವುದಿಲ್ಲ.

ಆದ್ದರಿಂದ ಪಟ್ಟಿಗಳ ನಂತರ ಸತತ ಚಲಿಸುವ ಚಿತ್ರವೊಂದನ್ನು, ಸಭೆ ನಡೆಯುವ ಜಾಗದಿಂದಲೇ, ಹತ್ತು ನಿಮಿಷವಾದರೂ ಕಳಿಸಿ ನೋಡಬೇಕು. ಬಣ್ಣ ಸರಿಯಿದೆಯೇ ಎಂಬುದು ಅವರ ಕಾಲದ ಪ್ರಶ್ನೆ. ಚಿತ್ರ ಕೊನೆತನಕ ಓಡುತ್ತದೆಯೇ ಎಂಬುದು ನಮ್ಮದು.