ಕಂಪನಿಯದ್ದೋ, ಜೋಡಿಸಿದ್ದೋ?

ಸರಸ್ವತಿ ನಗರದಲ್ಲಿ ನಾವು ಮೂವರು ಬಾಡಿಗೆಗಿರುವುದು ಮೇಲಿನ ಮನೆಯಲ್ಲಿ. ಕೆಳಗೆ ಮಾಲೀಕರ ಸಂಸಾರ. ಅವರ ಮೊಮ್ಮಗ ಈ ವರ್ಷ ಎಂಜಿನಿಯರಿಂಗ್ ಸೇರಿದ್ದಾನೆ. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಒಂದಿಷ್ಟು, ಅಜ್ಜ ಕೂಡಿಟ್ಟಿದ್ದರಲ್ಲಿ ಒಂದಿಷ್ಟು ಸೇರಿಸಿ 85,000 ರೂಪಾಯಿ ಅವನ ಕೈಗೆ ಕೊಟ್ಟಿದ್ದಾರೆ. ಕಾಲೇಜಿನ ಕೆಲಸಕ್ಕೆ ಕಂಪ್ಯೂಟರ್ ಅಂತ ಮನೆಯಲ್ಲಿ ಹೇಳಿದ್ದಾನೆ. ಅದರಲ್ಲಿ ಗೇಮ್ ಆಡುವವನೇ ಎಂದು ಮನೆಯವರಿಗೆಲ್ಲ ಗೊತ್ತು. ಒಂದು ಸಂಜೆ ಮೆಟ್ಟಿಲು ಹತ್ತಿ ಬಂದವನು ಕೇಳಿದ: "ಅಣ್ಣಾ, ರೆಡಿ ಇರದು ತಗಳನಾ, ಪಾರ್ಟ್ಸ್ ತಂದು ಜೋಡಿಸನಾ?"

ನಾವು ಓದಿದ್ದು ಪತ್ರಿಕೋದ್ಯಮ. ಕಂಪ್ಯೂಟರ್ ವಿಷಯದಲ್ಲಿ ನಮಗಿರುವ ಅನುಭವವೆಂದರೆ ಸುದ್ದಿ ಟೈಪ್ ಮಾಡಿದ್ದು, ವಿಡಿಯೋ ಎಡಿಟ್ ಮಾಡುವಾಗ ಅದು ನಿಂತುಹೋದದ್ದು, ಅಷ್ಟೇ. ಆದರೂ ಹುಡುಗನಿಗೆ ಏನೋ ಒಂದು ಹೇಳಿ ಕಳಿಸಲು ಮನಸ್ಸಾಗಲಿಲ್ಲ. ಅವನ ಪ್ರಶ್ನೆ ಅವನಿಗಿಂತ ಹಳೆಯದು. ನಮ್ಮ ಊರುಗಳಲ್ಲಿ ಮೂವತ್ತು ವರ್ಷಗಳಿಂದ ಇದನ್ನು "ಬ್ರ್ಯಾಂಡೆಡ್ಡಾ, ಅಸೆಂಬಲ್ಡಾ" ಎಂದು ಕೇಳುತ್ತಲೇ ಬಂದಿದ್ದಾರೆ. ಅಸೆಂಬಲ್ಡ್ ಎಂಬ ಮಾತಿಗೆ ಇಲ್ಲಿ ಒಂದು ಅನುಮಾನ ಅಂಟಿಕೊಂಡಿದೆ. ಅಗ್ಗ, ಬಿಲ್ ಇಲ್ಲದ್ದು, ಕಳ್ಳ ವಿಂಡೋಸ್ ಹಾಕಿದ್ದು ಅಂತ. ಆ ಅನುಮಾನ ಪೂರ್ತಿ ಸುಳ್ಳೂ ಅಲ್ಲ.

ಬೇರೆ ಬೇರೆ ಕಂಪನಿಯ ಭಾಗಗಳು ಒಂದೇ ಡಬ್ಬಿಯಲ್ಲಿ ಕೂರುವುದಾದರೂ ಹೇಗೆ? ಕಾರಿಗೆ ಹೀಗಾಗುವುದಿಲ್ಲ. ಒಂದರ ಗಿಯರ್ ಬಾಕ್ಸ್ ಇನ್ನೊಂದಕ್ಕೆ ಕೂರದು. ಕಂಪ್ಯೂಟರಿಗೆ ಇದು ಸಾಧ್ಯವಾದದ್ದು ಐಬಿಎಂನ ಒಂದು ಅವಸರದಿಂದ. 1981ರ ಆಗಸ್ಟ್ 12ರಂದು ಅದು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಮಾರುಕಟ್ಟೆಗೆ ಬೇಗ ಇಳಿಯಬೇಕಿದ್ದರಿಂದ ಎಲ್ಲವನ್ನೂ ತಾನೇ ಮಾಡಲು ಹೋಗಲಿಲ್ಲ. ಪ್ರೊಸೆಸರ್ ಇಂಟೆಲ್‌ನಿಂದ, ಆಪರೇಟಿಂಗ್ ಸಿಸ್ಟಂ ಮೈಕ್ರೋಸಾಫ್ಟ್‌ನಿಂದ ತಂದಿತು. ಯಂತ್ರದ ಒಳರಚನೆಯ ವಿವರಗಳನ್ನೂ ಪುಸ್ತಕವಾಗಿ ಪ್ರಕಟಿಸಿತು. ಐಬಿಎಂ ತನ್ನ ಕೈಯಲ್ಲಿ ಬಿಗಿಯಾಗಿ ಇಟ್ಟುಕೊಂಡದ್ದು ಬಯೋಸ್ ಎಂಬ ಪುಟ್ಟ ಪ್ರೋಗ್ರಾಮನ್ನು ಮಾತ್ರ. ಅದನ್ನು ನಕಲು ಮಾಡಿದರೆ ಕೇಸು. ಕಾಂಪ್ಯಾಕ್ ಕಂಪನಿ ನಕಲು ಮಾಡಲಿಲ್ಲ, ಅದೇ ಕೆಲಸ ಮಾಡುವ ಇನ್ನೊಂದನ್ನು ಸ್ವತಂತ್ರವಾಗಿ ಬರೆಸಿತು. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಅಂಥದ್ದೇ ಬಯೋಸನ್ನು ಬೇಕಾದವರಿಗೆಲ್ಲ ಮಾರತೊಡಗಿತು. ಅಲ್ಲಿಂದಾಚೆ ತೈವಾನಿನ ಯಾವ ಬೋರ್ಡ್ ಆದರೂ ಸರಿ, ಯಾವ ಡಿಸ್ಕ್ ಆದರೂ ಸರಿ, ಅಳತೆ ಒಂದಿದ್ದರೆ ಕೂಡಿಕೊಳ್ಳುತ್ತಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ತಂದಿತು. ಬೋರ್ಡಿನ ತೂತು ಎಲ್ಲಿರಬೇಕು, ಕರೆಂಟಿನ ಕನೆಕ್ಟರ್ ಹೇಗಿರಬೇಕು ಎಂಬುದಕ್ಕೆ ಇವತ್ತಿಗೂ ಅದೇ ಲೆಕ್ಕ.

1981ರ ಹೊತ್ತಿಗೆ ಭಾರತದಲ್ಲಿ ಐಬಿಎಂ ಇರಲೇ ಇಲ್ಲ. ವಿದೇಶಿ ಬಂಡವಾಳದ ಕಾನೂನಿಗೆ ಒಪ್ಪದೆ 1978ರಲ್ಲೇ ಗಂಟುಮೂಟೆ ಕಟ್ಟಿತ್ತು. ಆ ಖಾಲಿ ಜಾಗಕ್ಕೆ ನಮ್ಮವರು ಬಂದರು. ಎಚ್‌ಸಿಎಲ್ 1976ರಲ್ಲಿ ಹುಟ್ಟಿತು. ಅಡುಗೆ ಎಣ್ಣೆಯ ವಿಪ್ರೋ 1980ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಮಾಡಲು ಕೂತಿತು. 1984ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರ್ಕಾರದ ಹೊಸ ಕಂಪ್ಯೂಟರ್ ನೀತಿ ಬಂದು ಬಿಡಿಭಾಗ ತರಿಸುವುದು ಸಲೀಸಾಯಿತು. ಆದರೂ ಸುಂಕ ಭಾರವೇ ಇತ್ತು. ಕಂಪನಿಯ ಹೆಸರು ಹೊತ್ತ ಕಂಪ್ಯೂಟರ್ ಬ್ಯಾಂಕಿಗೆ, ಮಿಲ್ಲಿಗೆ, ಕಾಲೇಜಿಗೆ ಹೋಯಿತೇ ಹೊರತು ಮನೆಗೆ ಬರಲಿಲ್ಲ.

ಮನೆಗೆ ಬಂದದ್ದು ಜೋಡಿಸಿದ್ದು. ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್‌ಪಿ ರೋಡ್, ಅದರ ತವರು. ಡಿಟಿಪಿ ಅಂಗಡಿ ಇಡುವವರು, ಕಂಪ್ಯೂಟರ್ ಕ್ಲಾಸ್ ನಡೆಸುವವರು ದಾವಣಗೆರೆಯಿಂದ ರಾತ್ರಿ ಬಸ್ ಹತ್ತಿ 260 ಕಿಲೋಮೀಟರ್ ಹೋಗಿ, ಹಗಲಿಡೀ ಅಂಗಡಿ ಅಂಗಡಿ ಅಲೆದು, ಮಾರನೇ ರಾತ್ರಿ ಕ್ಯಾಬಿನೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದರು. ಹೆದರಿಕೆಯೆಲ್ಲ ಗಾಜಿನ ಮಾನಿಟರಿನದು. ಅದಕ್ಕೊಂದು ಸೀಟಿನ ಟಿಕೆಟ್ಟನ್ನೇ ತೆಗೆಸಿದ್ದೆ ಎಂದು ನಮ್ಮ ಪರಿಚಯದ ಡಿಟಿಪಿಯವರು ಈಗಲೂ ನಗುತ್ತಾರೆ. ಪಿ.ಜೆ. ಬಡಾವಣೆಯಲ್ಲಿ ಬೆಣ್ಣೆ ದೋಸೆ ತಿನ್ನುತ್ತಾ ಅವರು ಇನ್ನೊಂದು ಮಾತು ಹೇಳಿದರು: ಕೊಳ್ಳುವುದು ಕಷ್ಟವಾಗಿರಲಿಲ್ಲವಂತೆ, ಕೆಟ್ಟಾಗ ಏನು ಮಾಡುವುದು ಎಂಬುದೇ ಚಿಂತೆಯಂತೆ. ಹಾಗಾಗಿ ಜೋಡಿಸುವುದನ್ನು ಕಲಿತರು. ಪಕ್ಕದ ಅಂಗಡಿಯವರಿಗೂ ಜೋಡಿಸಿಕೊಟ್ಟರು. ರೇಡಿಯೋ, ಮೈಕ್‌ಸೆಟ್ ರಿಪೇರಿ ಮಾಡುತ್ತಿದ್ದವರು ಹಲವರು ಇದೇ ದಾರಿ ಹಿಡಿದರು. ಜಿಲ್ಲಾ ಊರುಗಳಲ್ಲಿ ಕಂಪ್ಯೂಟರ್ ಮೆಕ್ಯಾನಿಕ್ ಎಂಬ ಕಸುಬು ಹುಟ್ಟಿದ್ದು ಹೀಗೆ ಎಂದು ನಮ್ಮ ಅಂದಾಜು.

ಆಮೇಲೆ ಗಾಳಿ ಬದಲಾಯಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು, 2005ರ ಹೊತ್ತಿಗೆ ಕಂಪ್ಯೂಟರುಗಳ ಮೇಲಿನ ಸುಂಕ ಸೊನ್ನೆಗೆ ಇಳಿಯಿತು. ಕಂಪನಿ ಕಂಪ್ಯೂಟರ್ ಅಗ್ಗವಾಯಿತು, ಲ್ಯಾಪ್‌ಟಾಪ್ ಬಂತು, ಜೋಡಿಸಿದ್ದನ್ನು ಕೇಳುವವರು ಕಡಿಮೆಯಾದರು. ಅದೇ ಗಾಳಿಗೆ ನಮ್ಮ ದೇಶದ ಕಂಪನಿಗಳೂ ಹಾರಿಹೋದವು. ವಿಪ್ರೋ, ಎಚ್‌ಸಿಎಲ್ ಎರಡೂ 2013ರಲ್ಲಿ ಕಂಪ್ಯೂಟರ್ ತಯಾರಿಕೆ ಬಿಡುವುದಾಗಿ ಹೇಳಿದವು. ಎಲ್ಲವನ್ನೂ ಶುರುಮಾಡಿದ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ವ್ಯಾಪಾರವನ್ನು 2005ರಲ್ಲೇ ಚೀನಾದ ಲೆನೊವೊಗೆ ಮಾರಿಯಾಗಿತ್ತು.

ಈ ಪಟ್ಟಿಯನ್ನು ನಾವು ಕೆಳಗಿನ ಮನೆಯಲ್ಲಿ ಓದಿ ಹೇಳುತ್ತಿದ್ದಾಗ ಅಜ್ಜ ಟಿವಿ ಸಣ್ಣ ಮಾಡಿದರು. ಅವರು ಹರಿಹರದಲ್ಲಿ ನಲವತ್ತು ವರ್ಷ ಲೇಥ್ ವರ್ಕ್‌ಶಾಪ್ ನಡೆಸಿದವರು, ಈಗ ಅದನ್ನು ಇನ್ನೊಬ್ಬ ಮಗ ನೋಡಿಕೊಳ್ಳುತ್ತಾನೆ.

"ಕಂಪ್ನಿ ಹೋದ್ರೆ ಏನಾತು? ನಮ್ಮೂರಾಗೆ ಹೋಗಿಲ್ಲೇನು?" ಅಂದರು.

ಅವರು ಹೇಳುತ್ತಿದ್ದುದು ಮೈಸೂರು ಕಿರ್ಲೋಸ್ಕರ್ ಬಗ್ಗೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಕಾರ್ಖಾನೆ ಅದು. ಅಲ್ಲಿ ತಯಾರಾದ ಲೇಥ್‌ಗಳು ದೇಶದ ಮೂಲೆ ಮೂಲೆಯ ವರ್ಕ್‌ಶಾಪ್, ಐಟಿಐಗಳಿಗೆ ಹೋದವು. ಟರ್ನ್‌ಮಾಸ್ಟರ್, ಎಂಟರ್‌ಪ್ರೈಸ್ ಎಂಬ ಹೆಸರು ಹೇಳಿದರೆ ಹಳೆಯ ಟರ್ನರ್‌ಗಳ ಮುಖ ಅರಳುತ್ತದೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಹರಿಹರ ಆ ಪೆಟ್ಟಿನಿಂದ ಚೇತರಿಸಿಕೊಂಡಿತೇ ಎಂಬುದು ಬೇರೆಯೇ ಬರಹದ ವಿಷಯ.

"ಕಂಪ್ನಿ ಮುಚ್ಚಿ ಎಷ್ಟು ವರ್ಷಾತು, ನನ್ ಲೇಥ್ ಇನ್ನೂ ತಿರುಗ್ತತಿ. ಗಿಯರ್ ಹೋತಾ, ಇನ್ನೊಂದು ಕಡಿಸ್ತೀವಿ. ಚಕ್ ಹೋತಾ, ಬೇರೆ ಕಂಪ್ನಿದು ತಂದು ಕೂರಿಸ್ತೀವಿ. ಅಳತಿ ಗೊತ್ತೈತಲ್ಲ." ಮೊಮ್ಮಗನ ಕಡೆ ತಿರುಗಿ, "ನಿಂದು ಕೆಟ್ರೆ ಈ ಊರಾಗೆ ಯಾರಾದ್ರೂ ಬಿಚ್ಚಿ ಸರಿ ಮಾಡ್ತಾರಾ? ಅಷ್ಟು ಕೇಳ್ಕ್ಯಂಡು ಬಾ" ಅಂದರು.

ನಾವು ಮೂರು ದಿನ ಓದಿ ಹುಡುಕುತ್ತಿದ್ದ ಪ್ರಶ್ನೆ ಅದೇ ಆಗಿತ್ತು. ನಮ್ಮದೇ ಅನುಭವವೂ ಇದಕ್ಕೆ ಸೇರುತ್ತದೆ. ನಮ್ಮ ಬ್ಲಾಗಿನ ಕೆಲಸಕ್ಕೆಂದು ದೊಡ್ಡ ಕಂಪನಿಯೊಂದರ ಹಳೇ ಡೆಸ್ಕ್‌ಟಾಪ್ ಕೊಂಡಿದ್ದೆವು. ಒಂದು ಮಳೆಗಾಲ ಕರೆಂಟು ಹೋಗಿ ಬಂದು ಅದರ ಎಸ್‌ಎಂಪಿಎಸ್ ಸುಟ್ಟಿತು. ಮಾಮೂಲಿ ಎಸ್‌ಎಂಪಿಎಸ್ ತಂದರೆ ಕನೆಕ್ಟರ್ ಕೂರಲಿಲ್ಲ. ಡಬ್ಬಿಯ ಆಕಾರವೂ ಬೇರೆ, ಬೋರ್ಡಿನ ಪಿನ್ನುಗಳೂ ಬೇರೆ. ಐಬಿಎಂ ಅರಿವಿಲ್ಲದೆ ತೆರೆದಿಟ್ಟ ಬಾಗಿಲನ್ನು ಆ ಕಂಪನಿ ಅರಿತೇ ಮುಚ್ಚಿತ್ತು. ಸಾವಿರ, ಎರಡು ಸಾವಿರದ ಭಾಗಕ್ಕಾಗಿ ಮೂರು ವಾರ ಕಾದೆವು.

ಹಾಗಂತ ಜೋಡಿಸಿದ್ದೇ ಮೇಲು ಎಂದು ಬಿಡುವ ಹಾಗಿಲ್ಲ. ಗೇಮ್ ಆಡುವವರ ಚರಿತ್ರೆ ಇಲ್ಲಿ ಎರಡೂ ಕಡೆ ವಾಲುತ್ತದೆ. 1993ರಲ್ಲಿ ಡೂಮ್ ಬಂತು. 2000ದಲ್ಲಿ ಅಂಗಡಿಗೆ ಬಂದ ಕೌಂಟರ್ ಸ್ಟ್ರೈಕ್, ಸೈಬರ್ ಕೆಫೆಗಳ ಹುಡುಗರನ್ನು ರಾತ್ರಿ ಮನೆಗೆ ಹೋಗದಂತೆ ಮಾಡಿತು. 1999ರಲ್ಲಿ ಎನ್‌ವಿಡಿಯಾದ ಜಿಫೋರ್ಸ್ 256 ಬಂದ ಮೇಲೆ ಗೇಮಿಂಗ್ ಕಂಪ್ಯೂಟರ್ ಎಂದರೆ ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡ್ ಎಂದಾಯಿತು. ಆಫೀಸಿನ ಕೆಲಸಕ್ಕೆಂದು ಮಾಡಿದ ಕಂಪನಿ ಡೆಸ್ಕ್‌ಟಾಪ್‌ಗಳಲ್ಲಿ ಅದಿರಲಿಲ್ಲ. ಹೀಗಾಗಿ ಸತ್ತೇ ಹೋಯಿತು ಅಂದುಕೊಂಡಿದ್ದ ಜೋಡಿಸುವ ವಿದ್ಯೆಯನ್ನು ಉಳಿಸಿದವರು ಆಟದ ಹುಚ್ಚಿನ ಹುಡುಗರು.

ಆದರೆ 2021ರಲ್ಲಿ ಅದೇ ಹುಡುಗರು ಪೇಚಿಗೆ ಸಿಕ್ಕರು. ಕೊರೊನಾದಿಂದ ಚಿಪ್ ಕೊರತೆ, ಜೊತೆಗೆ ಎಥೀರಿಯಂ ನಾಣ್ಯ ಅಗೆಯುವವರು ಕಾರ್ಡುಗಳನ್ನು ಗೋಣಿಗಟ್ಟಲೆ ಕೊಂಡರು. 329 ಡಾಲರಿಗೆ ಎಂದು ಬಿಡುಗಡೆಯಾದ ಆರ್‌ಟಿಎಕ್ಸ್ 3060 ಕಾರ್ಡು ಎಲ್ಲಿ ಕೇಳಿದರೂ ದುಪ್ಪಟ್ಟು. ಸಗಟಾಗಿ ಕೊಳ್ಳುವ ಕಂಪನಿಗಳಿಗೆ ಮಾತ್ರ ಕಾರ್ಡ್ ಸಿಗುತ್ತಿತ್ತು, ಆಗ ರೆಡಿ ಕಂಪ್ಯೂಟರ್ ಕೊಂಡವರೇ ಜಾಣರು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ತನ್ನ ಪದ್ಧತಿ ಬದಲಿಸಿದ ಮೇಲೆ ಕಾರ್ಡಿನಲ್ಲಿ ಅಗೆಯುವುದೇ ನಿಂತಿತು. ಈಗ ಸರದಿ ರ‍್ಯಾಮ್‌ನದು. ಎಐ ಸರ್ವರುಗಳಿಗೆ ಮೆಮೊರಿ ಹರಿದುಹೋಗಿ 2025ರ ಕೊನೆಗೆ ರ‍್ಯಾಮ್ ಬೆಲೆ ಅಡಿಕೆ ದರದ ಹಾಗೆ ಏರಿತು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ನಮ್ಮಂಥ ಗ್ರಾಹಕರಿಗೆ ಕ್ರೂಷಿಯಲ್ ಹೆಸರಿನಲ್ಲಿ ಮಾರುತ್ತಿದ್ದ ಮೆಮೊರಿಯನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಹಳೇ ಬೆಲೆಯ ರ‍್ಯಾಮ್ ಹಾಕಿಟ್ಟ ರೆಡಿ ಕಂಪ್ಯೂಟರ್ ಎಲ್ಲಾದರೂ ಉಳಿದಿದ್ದರೆ ಅದೇ ಲಾಭ.

ಹುಡುಗನನ್ನು ಕರೆದುಕೊಂಡು ಊರಿನ ಅಂಗಡಿಗಳಿಗೆ ಹೋದೆವು. ರೆಡಿ ಕಂಪ್ಯೂಟರಿಗೆ ವಾರಂಟಿ ಒಂದೇ ಕಡೆಯದು, ವಿಂಡೋಸ್ ಲೈಸೆನ್ಸ್ ಜೊತೆಗೇ ಬರುತ್ತದೆ, ಕೆಲವಕ್ಕೆ ಮನೆಗೇ ಬಂದು ರಿಪೇರಿ ಮಾಡುತ್ತಾರೆ. ಜೋಡಿಸಿದ್ದಕ್ಕೆ ಒಂದೊಂದು ಭಾಗಕ್ಕೆ ಒಂದೊಂದು ವಾರಂಟಿ, ಸಾಮಾನ್ಯವಾಗಿ ಹೆಚ್ಚು ವರ್ಷದ್ದು, ಆದರೆ ಕೆಟ್ಟ ಭಾಗ ಯಾವುದೆಂದು ನಾವೇ ಕಂಡುಹಿಡಿದು ಸರ್ವಿಸ್ ಸೆಂಟರಿಗೆ ಕಳಿಸಬೇಕು. ಒಬ್ಬರು ಕ್ಯಾಬಿನೆಟ್ ಜೊತೆಗೇ ಬರುವ ಎಸ್‌ಎಂಪಿಎಸ್ ಸಾಕು ಎಂದರು. ಅವರಿಗೆ ಕೈಮುಗಿದು ಹೊರಬಂದೆವು. ಗೆಳೆಯನೊಬ್ಬನ ಮದರ್‌ಬೋರ್ಡ್ ಅಂಥದ್ದರಿಂದಲೇ ಹೊಗೆಯಾಗಿದ್ದು ನಮಗೆ ನೆನಪಿದೆ.

ಕೊನೆಗೆ ಹುಡುಗ ಆರಿಸಿದ್ದು ಜೋಡಿಸುವುದನ್ನೇ, ಆದರೆ ಊರಿನ ಅಂಗಡಿಯಿಂದ. ಆನ್‌ಲೈನ್‌ಗಿಂತ ಒಟ್ಟಿನಲ್ಲಿ ಮೂರು ಸಾವಿರ ಜಾಸ್ತಿ. ಅಂಗಡಿಯವರು ಪ್ರತಿ ಭಾಗಕ್ಕೂ ನಂಬರ್ ಸಮೇತ ಜಿಎಸ್‌ಟಿ ಬಿಲ್ ಕೊಡಲು, ಕೆಟ್ಟರೆ ತಾವೇ ಕಳಿಸಲು ಒಪ್ಪಿದರು. ಒಳ್ಳೆ ಎಸ್‌ಎಂಪಿಎಸ್‌ಗೆ ದುಡ್ಡು ಹಾಕಿಸಿದೆವು. ರ‍್ಯಾಮ್ ಸದ್ಯಕ್ಕೆ 16 ಜಿಬಿಯ ಒಂದೇ ಸ್ಟಿಕ್, ಬೆಲೆ ಇಳಿದಾಗ ಇನ್ನೊಂದು. ಅಲ್ಲಿಯವರೆಗೆ ಗೇಮ್ ಸ್ವಲ್ಪ ತಡವರಿಸುತ್ತದೆ ಎಂದು ಹೇಳಿದ್ದಕ್ಕೆ ಮುಖ ಸಪ್ಪಗೆ ಮಾಡಿದ. ಅಂಗಡಿಯವರು ವಿಂಡೋಸ್ ಬಗ್ಗೆ ಏನೋ ಸನ್ನೆ ಮಾಡಿದರು. ಅಜ್ಜನ ದುಡ್ಡಿನಲ್ಲಿ ಅದು ಬೇಡವೆಂದು ಲೈಸೆನ್ಸೇ ಕೊಂಡ.

ಭಾನುವಾರ ಕೆಳಗಿನ ಮನೆಯ ನಡುಮನೆಯಲ್ಲಿ ಹಳೇ ಬೆಡ್‌ಶೀಟ್ ಹಾಸಿ ಜೋಡಿಸಲು ಕೂತೆವು. ಸ್ಕ್ರೂಗಳ ಪೊಟ್ಟಣ ಚೆಲ್ಲಿತು. ಅಜ್ಜ ಎರಡು ಸ್ಕ್ರೂ ಎತ್ತಿ, ಕನ್ನಡಕ ಮೇಲೆ ಸರಿಸಿ, ಉಗುರಿನಿಂದ ಥ್ರೆಡ್ ಸವರಿ ನೋಡಿದರು.

"ಇದು ಇಂಚಿಂದು, ಇದು ಮಿಲಿಮೀಟರ್‌ದು. ಒಂದರ ತೂತಿಗೆ ಇನ್ನೊಂದು ಹಾಕಿ ಬಿಗಿದ್ರೆ ಥ್ರೆಡ್ ಹೋಗ್ತತಿ."

ಫೋನಿನಲ್ಲಿ ನೋಡಿದೆವು. ಹೌದು, ಕಂಪ್ಯೂಟರಿನಲ್ಲಿ ಎರಡು ಬಗೆಯ ಸ್ಕ್ರೂ ಇರುತ್ತವೆ. ಒಂದು ಇಂಚಿಗೆ 32 ಥ್ರೆಡ್ಡಿನ ಅಮೆರಿಕನ್ ಅಳತೆ, ಇನ್ನೊಂದು ಎಂ3, ಮೆಟ್ರಿಕ್. ಅಷ್ಟರಲ್ಲಿ ಅಜ್ಜ ಉಪ್ಪಿನಕಾಯಿ ಬಾಟಲಿಯ ಎರಡು ಮುಚ್ಚಳ ತರಿಸಿ, ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ಬೇರೆ ಮಾಡತೊಡಗಿದ್ದರು.