ದಾನದ ಕಲ್ಲಿನ ಮೇಲೆ ತಾಯಿ

ಹಿಂದೂ ಧರ್ಮವನ್ನು ಮಕ್ಕಳಿಗೆ ಹೇಳಿಕೊಡಬೇಕಾದಾಗ ನಾವು ದೇವರುಗಳಿಂದ ಶುರು ಮಾಡುತ್ತೇವೆ. ಗಣಪತಿ, ಶಿವ, ವಿಷ್ಣು, ದೇವಿ. ಆಮೇಲೆ ಹಬ್ಬಗಳು, ಆಮೇಲೆ ಕರ್ಮ, ಪುನರ್ಜನ್ಮ. ದಾನದ ಸರದಿ ಬಂದರೆ ಕೊನೆಗೆ. ಆದರೆ ಇತಿಹಾಸದ ಕಡೆಯಿಂದ ನೋಡಿದರೆ ದಾನವೇ ಮುಂದೆ ನಿಲ್ಲಬೇಕು. ಗುಡಿಯ ನಂದಾದೀಪಕ್ಕೆ ಎಣ್ಣೆ, ನೈವೇದ್ಯಕ್ಕೆ ಅಕ್ಕಿ, ಪೂಜಾರಿಯ ಹೊಟ್ಟೆಪಾಡು, ಗೋಡೆ ಬಿರುಕು ಬಿಟ್ಟರೆ ಜೀರ್ಣೋದ್ಧಾರ, ಎಲ್ಲವೂ ಯಾರೋ ಬಿಟ್ಟುಕೊಟ್ಟ ಭೂಮಿಯ ಹುಟ್ಟುವಳಿಯಿಂದ ನಡೆಯುತ್ತಿತ್ತು. ಆ ಭೂಮಿಯ ಕಾಗದಪತ್ರವೇ ಇವತ್ತು ನಾವು ಶಾಸನ ಎಂದು ಕರೆಯುವ ಕಲ್ಲು ಮತ್ತು ತಾಮ್ರಪಟ.

ದಾನ ಕೊಡುವುದಕ್ಕೂ ಒಂದು ಕ್ರಮವಿತ್ತು. ಸಂಕ್ರಾಂತಿ, ಗ್ರಹಣ, ಶಿವರಾತ್ರಿಯಂಥ ಪುಣ್ಯಕಾಲ ನೋಡಿ, ಕೈಯಲ್ಲಿ ನೀರು ಹಿಡಿದು ಧಾರೆ ಎರೆದು ಕೊಡಬೇಕು. ಹೀಗೆ ಕೊಟ್ಟದ್ದು ಸೂರ್ಯಚಂದ್ರರಿರುವ ತನಕ ನಡೆಯಬೇಕು. ಕಲ್ಲಿನ ನೆತ್ತಿಯ ಮೇಲೆ ಸೂರ್ಯಚಂದ್ರರನ್ನು ಕೊರೆಯುತ್ತಿದ್ದದ್ದು ಅದಕ್ಕೇ. ಯಾಜ್ಞವಲ್ಕ್ಯ ಸ್ಮೃತಿ ಇದನ್ನು ಇನ್ನೂ ಕರಾರುವಾಕ್ಕಾಗಿ ಹೇಳುತ್ತದೆ: ಮುಂದೆ ಬರುವ ರಾಜರಿಗೆ ತಿಳಿಯಲೆಂದು ದಾನವನ್ನು ಬಟ್ಟೆಯ ಮೇಲೋ ತಾಮ್ರದ ಮೇಲೋ ಬರೆಸಬೇಕು, ಅದರಲ್ಲಿ ವಂಶದ ಹೆಸರು, ಕೊಟ್ಟದ್ದರ ಅಳತೆ, ಕಾಲ, ಮುದ್ರೆ ಎಲ್ಲ ಇರಬೇಕು. ಕಂಪನಿ ಒಪ್ಪಂದಗಳ ಜೊತೆ ದಿನವೂ ಒದ್ದಾಡುವ ನನ್ನಂಥವಳಿಗೆ ಇದು ತುಂಬ ಪರಿಚಿತ ದಸ್ತಾವೇಜು. ಪಕ್ಷಗಾರರು, ಆಸ್ತಿಯ ವಿವರ, ಅವಧಿ, ಸಹಿ. ಉಳಿದದ್ದು ಒಂದೇ, ಮುರಿದರೆ ಏನು ಶಿಕ್ಷೆ ಎಂಬ ಕಲಮು.

ರಾಜ ಸತ್ತ ಮೇಲೆ, ವಂಶವೇ ಅಳಿದ ಮೇಲೆ, ಒಪ್ಪಂದ ಮುರಿದವನನ್ನು ಹಿಡಿದು ಶಿಕ್ಷಿಸುವವರು ಯಾರು? ಯಾರೂ ಇಲ್ಲ. ಹಾಗಾಗಿ ಶಿಕ್ಷೆಯ ಜಾಗದಲ್ಲಿ ಶಾಪ ಬಂತು. ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು 450ರದ್ದೆಂದು ಹೇಳುವ ನಮ್ಮ ಹಳೆಯ ಶಾಸನದಲ್ಲೇ ದಾನ ಅಳಿದವನಿಗೆ ಮಹಾಪಾತಕ ಎಂಬ ಎಚ್ಚರಿಕೆ ಇದೆ. ಮುಂದಿನ ಶತಮಾನಗಳ ಕನ್ನಡ ಶಾಸನಗಳಲ್ಲಿ ಶಾಪ ಬೆಳೆಯುತ್ತದೆ: ವಾರಾಣಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹೊಲಸಿನ ಹುಳುವಾಗಿ ಹುಟ್ಟುವ ಗತಿ. ಕಲ್ಲಿನ ತಲೆಯ ಮೇಲೆ ಲಿಂಗ, ಪೂಜೆಯ ಯತಿ, ಕರುವಿಗೆ ಹಾಲೂಡುವ ಹಸು, ಕೆಲವೊಮ್ಮೆ ಪಕ್ಕದಲ್ಲಿ ಒಂದು ಕತ್ತಿ. ಹಸುವನ್ನು ಕೊಲ್ಲುವಂಥ ಪಾಪ ಎಂಬುದನ್ನು ಓದು ಬಾರದವನೂ ಚಿತ್ರ ನೋಡಿ ತಿಳಿಯಬೇಕು.

ಈಗ ನಮ್ಮ ಡೊಂಬಿವಲಿಯ ಸುತ್ತಮುತ್ತಲಿಗೆ ಬರೋಣ. ಸುಮಾರು 9ರಿಂದ 13ನೆಯ ಶತಮಾನದವರೆಗೆ ಥಾಣೆ, ಕಲ್ಯಾಣ, ಮುಂಬಯಿಯ ದ್ವೀಪಗಳು, ರಾಯಗಡದ ಕರಾವಳಿ, ಇವೆಲ್ಲ ಉತ್ತರ ಕೊಂಕಣದ ಶಿಲಾಹಾರರ ಕೈಯಲ್ಲಿದ್ದವು. ಇವರು ಮಳಖೇಡದ ರಾಷ್ಟ್ರಕೂಟರ ಸಾಮಂತರಾಗಿ ಬಂದವರು. ಅಂದರೆ ನಾವು ಕನ್ನಡಿಗರು ಈ ಕಡೆ ಬಂದದ್ದು ರೈಲು ಹಾಕಿದ ಮೇಲಲ್ಲ. 10ನೆಯ ಶತಮಾನದ ಕೊನೆಯಲ್ಲಿ ಆಳಿದ ಅಪರಾಜಿತನ ಬಿರುದುಗಳಲ್ಲಿ ‘ನನ್ನಿಸಮುದ್ರ’ ಎಂಬುದೊಂದಿದೆ. ನನ್ನಿ ಎಂದರೆ ಹಳಗನ್ನಡದಲ್ಲಿ ಸತ್ಯ. ಭಿವಂಡಿಯ ಹತ್ತಿರದ ಭಾದಾಣೆಯಲ್ಲಿ ಸಿಕ್ಕ ಅವನ 997ರ ತಾಮ್ರಪಟ, ಲೋನಾಡಿನ ಲೋಣಾದಿತ್ಯನಿಗೆ, ಅಂದರೆ ಸೂರ್ಯದೇವನಿಗೆ, ಆ ಹಳ್ಳಿಯನ್ನೇ ಬಿಟ್ಟುಕೊಟ್ಟ ದಾಖಲೆ. ಅದರ ಮೊದಲ ಭಾಗದಲ್ಲಿ ಅಪರಾಜಿತ ತನ್ನ ವಂಶಕ್ಕಿಂತ ಮುಂಚೆ ರಾಷ್ಟ್ರಕೂಟರ ವಂಶಾವಳಿ ಬರೆಸಿದ್ದಾನೆ. ರಾಷ್ಟ್ರಕೂಟ ರಾಜ್ಯ ಚಾಲುಕ್ಯ ತೈಲಪನಿಗೆ ಸೋತು ಹೋಗಿ ಆಗಲೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ಆದರೂ ಆ ಸಾಮ್ರಾಜ್ಯ ನಂದಿಹೋಯಿತಲ್ಲ ಎಂಬ ವ್ಯಥೆ ಆ ತಾಮ್ರದ ತಗಡಿನಲ್ಲಿದೆ. ಹೀಗೆ ಇಲ್ಲದ ಧಣಿಗಾಗಿ ಮರುಗಿದ ಸಾಮಂತರು ಎಷ್ಟು ಜನ ಸಿಕ್ಕಾರು?

ಇದೇ ವಂಶದ ಕಾಲದ್ದು ಅಂಬರನಾಥದ ಶಿವಾಲಯ. ಉತ್ತರ ದಿಕ್ಕಿನ ಬಾಗಿಲ ಮೇಲಿನ ಶಾಸನ ಶಕ 982, ಅಂದರೆ 1060ರದ್ದು. ದೇವರ ಹೆಸರನ್ನು ಅದು ‘ಆಮ್ರನಾಥ’ ಎಂದು ಹೇಳುತ್ತದೆ. ಶ್ರಾವಣ ಸೋಮವಾರಗಳಲ್ಲಿ ನಮ್ಮಲ್ಲಿ ಅನೇಕರು ಅಲ್ಲಿ ಸಾಲು ಹಚ್ಚಿ ನಿಂತವರೇ. ಮೆಟ್ಟಿಲಿಳಿದು ಗರ್ಭಗುಡಿಗೆ ಹೋಗುವ ಆ ಅನುಭವದ ಬಗ್ಗೆ ಹಿಂದೆಯೂ ಬಹಳ ಜನ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ನಾನು ಹೇಳಹೊರಟದ್ದು ಅದೇ ವಂಶದವರು, ಅವರ ಅಧಿಕಾರಿಗಳು ನಿಲ್ಲಿಸಿದ, ಯಾರೂ ಸಾಲು ಹಚ್ಚದ ಕಲ್ಲುಗಳ ಬಗ್ಗೆ.

ಮರಾಠಿಯಲ್ಲಿ ಇವಕ್ಕೆ ‘ಗಧೇಗಾಳ್’ ಎನ್ನುತ್ತಾರೆ. ಗಧೆ ಎಂದರೆ ಕತ್ತೆ. ಹೆಸರು ಕೇಳಿದರೆ ತಮಾಷೆ ಎನಿಸಬಹುದು. ಕಲ್ಲಿನ ಮೇಲ್ತುದಿಯಲ್ಲಿ ಸೂರ್ಯ, ಚಂದ್ರ, ಕೆಲವೊಮ್ಮೆ ಮಂಗಳ ಕಲಶ. ನಡುವೆ ದಾನದ ಬರಹ. ಕೆಳಗೆ, ನಮ್ಮ ಕಡೆ ಹಸು ಕರು ಇರಬೇಕಾದ ಮಟ್ಟಿಗೆ ಮುಖ್ಯವಾದ ಚಿತ್ರದ ಜಾಗದಲ್ಲಿ, ಒಬ್ಬ ಹೆಂಗಸು ಮತ್ತು ಅವಳ ಮೇಲೆ ಏರಿದ ಕತ್ತೆ. ಈ ದಾನವನ್ನು ಮುರಿದವನ ತಾಯಿಗೆ ಈ ಗತಿಯಾಗಲಿ ಎಂಬುದು ಅರ್ಥ. ಥಾಣೆ, ರಾಯಗಡ, ಮುಂಬಯಿಯಲ್ಲಿ ಇಂಥವು ಹಲವು ಸಿಕ್ಕಿವೆ.

ಎರಡನ್ನು ಮಾತ್ರ ಇಲ್ಲಿ ನೋಡೋಣ. ಮೊದಲನೆಯದು ನಮ್ಮ ಸೆಂಟ್ರಲ್ ಲೈನಿನ ಪರೇಲ್‌ನಲ್ಲಿ ಸಿಕ್ಕ, 1187ರ ಎರಡನೆಯ ಅಪರಾದಿತ್ಯನ ಶಾಸನ. ದಾನದ ವಿವರವೆಲ್ಲ ಸಂಸ್ಕೃತದಲ್ಲಿದೆ. ಶಾಪ ಮಾತ್ರ ಅಂದಿನ ಜನ ಆಡುತ್ತಿದ್ದ ಮರಾಠಿಯಲ್ಲಿದೆ: ಶಾಸನ ಅಳಿಸಿದವನ ಮೇಲೆ, ಅವನ ಕುಟುಂಬದ ಮೇಲೆ ವೈದ್ಯನಾಥ ದೇವರ ಕೋಪ ಬೀಳಲಿ, ಆಮೇಲೆ ಅವನ ತಾಯಿಯ ಮಾತು, ಕತ್ತೆಯ ಮಾತು. ಪುಣ್ಯಕ್ಕೆ ದೇವಭಾಷೆ, ಬೈಗುಳಕ್ಕೆ ಆಡುಭಾಷೆ. ಎಲ್ಲರಿಗೂ ಅರ್ಥವಾಗಲೇಬೇಕಾದ ಸಾಲು ಯಾವುದೆಂದು ಬರೆಸಿದವನಿಗೆ ಚೆನ್ನಾಗಿ ಗೊತ್ತಿತ್ತು.

ಎರಡನೆಯದು ಅಲಿಬಾಗಿನ ಹತ್ತಿರದ ಆಕ್ಷಿ ಗ್ರಾಮದ ಕಲ್ಲು. ಒಂದು ಓದಿನ ಪ್ರಕಾರ ಅದು 1012ರದ್ದು, ಇನ್ನು ಕೆಲವು ವಿದ್ವಾಂಸರು ಇನ್ನೂರು ವರ್ಷ ಈಚೆಗೆ ತರುತ್ತಾರೆ. ಮೊದಲ ಓದು ಸರಿಯಾದರೆ ಅದು ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದು. (ಈ ಪಟ್ಟಕ್ಕೆ ಬಹುಕಾಲದಿಂದ ಹೇಳುತ್ತಾ ಬಂದ ಇನ್ನೊಂದು ಹೆಸರು ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಸಾಲು, ಕರ್ನಾಟಕದ್ದೇ!) ಆಕ್ಷಿಯ ದಾನ ಮಹಾಲಕ್ಷ್ಮಿಗೆ ಬಿಟ್ಟ ಧಾನ್ಯ. ಮತ್ತೊಮ್ಮೆ ಓದಿ: ದಾನ ದೇವಿಗೆ, ಅದರ ಕಾವಲಿಗೆ ಹೆಂಗಸಿನ ಮೇಲಿನ ಬಲಾತ್ಕಾರದ ಶಾಪ. ಮೇಲೆ ಪೂಜೆಗೊಳ್ಳುವ ತಾಯಿ, ಕೆಳಗೆ ಬೆದರಿಕೆಗೆ ಬಳಸುವ ತಾಯಿ, ಎರಡೂ ಒಂದೇ ಕಲ್ಲಿನಲ್ಲಿ.

ಇದಕ್ಕೆ ವಿವರಣೆಗಳಿಲ್ಲದಿಲ್ಲ. ಸೋತ ಊರನ್ನು ಕತ್ತೆ ಹೂಡಿ ಉಳುವುದು ಹಳೆಯ ಕಾಲದ ಅವಮಾನ. ಒಡಿಶಾದ ಹಾಥಿಗುಂಫಾ ಶಾಸನದಲ್ಲಿ ಖಾರವೇಲನು ಪಿಥುಂಡ ಎಂಬ ಊರನ್ನು ಹಾಗೆ ಕತ್ತೆಯ ನೇಗಿಲಿನಿಂದ ಉಳಿಸಿದ ಎಂದಿದೆ. ಕತ್ತೆ ಜ್ಯೇಷ್ಠೆಯ, ಅಂದರೆ ನಮ್ಮ ಅಜ್ಜಿಯರು ದರಿದ್ರಲಕ್ಷ್ಮಿ ಎನ್ನುತ್ತಿದ್ದವಳ, ವಾಹನ. ಆದ್ದರಿಂದ ಹೆಂಗಸು ಎಂದರೆ ಭೂಮಿ, ಕತ್ತೆ ಎಂದರೆ ಬಂಜರು, ದಾನ ಮುರಿದವನ ನೆಲ ಹಾಳಾಗಲಿ ಎಂದು ತಾತ್ಪರ್ಯ, ಹೀಗೊಂದು ವಾದ. ವಾದ ಚೆನ್ನಾಗಿದೆ, ತಳ್ಳಿಹಾಕುವುದಿಲ್ಲ. ಆದರೆ ಪರೇಲಿನ ಸಾಲಿನಲ್ಲಿ ಭೂಮಿ ಎಂಬ ಮಾತಿಲ್ಲ, ಮಾಯಿ ಎಂಬ ಮಾತಿದೆ. ತಪ್ಪು ಮಾಡಿದವನು ಮಗ, ಅನುಭವಿಸುವವಳು ಅವನ ತಾಯಿ. ಈ ಲೆಕ್ಕ ಎಷ್ಟು ಹಳೆಯದೆಂದು ತಿಳಿಯಲು ಶಾಸನ ಓದಬೇಕಾಗಿಲ್ಲ. ಬೆಳಗಿನ ಫಾಸ್ಟ್ ಲೋಕಲಿನ ಪಕ್ಕದ ಡಬ್ಬಿಯಲ್ಲಿ ಇಬ್ಬರು ಗಂಡಸರು ಜಾಗಕ್ಕೆ ಜಗಳವಾಡುವುದನ್ನು ಕೇಳಿದರೆ ಸಾಕು, ಎರಡನೇ ಮಾತಿಗೆ ಇಬ್ಬರ ಮನೆಯ ತಾಯಂದಿರೂ ಬಂದುಬಿಟ್ಟಿರುತ್ತಾರೆ.

ಹಾಗೆಂದು ನಮ್ಮವರು ಇದರಿಂದ ಪೂರ್ತಿ ದೂರ ಎಂದು ಬೀಗುವ ಹಾಗಿಲ್ಲ. ವಿಜಯನಗರ ಕಾಲದ ಅನೇಕ ಕನ್ನಡ ಶಾಸನಗಳಲ್ಲೂ ತಾಯಿಯನ್ನು ಎಳೆದು ತಂದ ಶಾಪಗಳಿವೆ. ಹಸುಕರುವಿನ ಚಿತ್ರ ಸೌಮ್ಯ, ಕೆಳಗಿನ ಅಕ್ಷರ ಎಲ್ಲ ಕಡೆ ಸೌಮ್ಯವಲ್ಲ.

ನನಗೆ ಹೆಚ್ಚು ಕಾಡಿದ್ದು ಇನ್ನೊಂದು. ದಾನಪತ್ರ ಹೀಗೆ ಬರೆಸಬೇಕೆಂದ ಯಾಜ್ಞವಲ್ಕ್ಯ ಸ್ಮೃತಿಗೆ 12ನೆಯ ಶತಮಾನದಲ್ಲಿ ಎರಡು ದೊಡ್ಡ ವ್ಯಾಖ್ಯಾನಗಳು ಹುಟ್ಟಿದವು. ಒಂದು ಕನ್ನಡನಾಡಿನ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಬರೆದ ಮಿತಾಕ್ಷರ. ಇನ್ನೊಂದು ಉತ್ತರ ಕೊಂಕಣದ ಶಿಲಾಹಾರ ರಾಜ ಅಪರಾದಿತ್ಯನ ಹೆಸರಿನಲ್ಲಿ ಬಂದ ‘ಅಪರಾರ್ಕ’. ಅಪರಾದಿತ್ಯ ಎಂಬ ಹೆಸರಿನವರು ಇಬ್ಬರಿದ್ದರು. ಗ್ರಂಥಕಾರನು ಮೊದಲನೆಯವನೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಮಿತಾಕ್ಷರದಲ್ಲಿ ವಿಜ್ಞಾನೇಶ್ವರ ಸ್ತ್ರೀಧನದ ವ್ಯಾಖ್ಯೆಯನ್ನು ಹಿಗ್ಗಿಸಿದ. ಮದುವೆಯಲ್ಲಿ ಬಂದದ್ದು, ತವರು ಕೊಟ್ಟದ್ದು ಮಾತ್ರವಲ್ಲ, ವಾರಸಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಕೂಡ ಹೆಂಗಸಿನ ಧನವೇ ಎಂದ. ಗಂಡುಮಕ್ಕಳಿಲ್ಲದೆ ತೀರಿಕೊಂಡ, ಪಾಲಾಗಿ ಬೇರೆಯಾಗಿದ್ದವನ ಆಸ್ತಿ ವಿಧವೆಗೆ ಸೇರಬೇಕೆಂದೂ ವಾದಿಸಿದ. ಮುಂದಿನ ನ್ಯಾಯಾಲಯಗಳು ಇದನ್ನೆಲ್ಲ ಹಾಗೆಯೇ ಒಪ್ಪಲಿಲ್ಲ, ಅದು ಬೇರೆ ಕಥೆ. ಧರ್ಮಶಾಸ್ತ್ರದ ಪಂಡಿತ ಹೆಂಗಸಿನ ಹೆಸರಿಗೆ ಆಸ್ತಿ ಬರೆಯುತ್ತಿದ್ದ ಅದೇ ಶತಮಾನದಲ್ಲಿ, ಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ರಾಜವಂಶದ ನಾಡಿನಲ್ಲೇ, ಆಸ್ತಿಯ ಕಲ್ಲಿನ ಮೇಲೆ ಅವಳನ್ನು ಹೀಗೆ ಕೊರೆಯುತ್ತಿದ್ದರು.

ದಾನದ ಕಲ್ಲಿನಲ್ಲಿ ತಾಯಿ ಬೇರೆ ಥರವೂ ಬಂದಿದ್ದಾಳೆ. 699ರಲ್ಲಿ ಬಾದಾಮಿಯಲ್ಲಿ ಚಾಲುಕ್ಯ ವಿಜಯಾದಿತ್ಯನ ತಾಯಿ ವಿನಯವತಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪ್ರತಿಷ್ಠೆ ಮಾಡಿಸಿದಳು. ಆ ಬರಹ ಜಂಬುಲಿಂಗ ಗುಡಿಯಲ್ಲಿದೆ. ಅವಳ ಮೊಮ್ಮಗನ ರಾಣಿಯರಾದ ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿ ಎಂಬ ಅಕ್ಕತಂಗಿಯರು ಪಟ್ಟದಕಲ್ಲಿನ ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿಗಳನ್ನು ಕಟ್ಟಿಸಿದರು. ಇದೆಲ್ಲ ಪ್ರವಾಸಿ ಗೈಡುಗಳೂ ಹೇಳುತ್ತಾರೆ.

ಅವರು ಅಷ್ಟಾಗಿ ಹೇಳದಿರುವುದು ಬಾದಾಮಿಯ ಹತ್ತಿರದ ಮಹಾಕೂಟದ ಒಂದು ಕಂಬದ ಕನ್ನಡ ಶಾಸನದ ಬಗ್ಗೆ. ಅದರಲ್ಲಿ ದಾನ ಕೊಟ್ಟವಳು ವಿನಾಪೋಟಿ, ಅದೇ ವಿಜಯಾದಿತ್ಯನ ಪ್ರಾಣವಲ್ಲಭೆ, ವೃತ್ತಿಯಿಂದ ಸೂಳೆ. ಶಾಸನ ಆ ಶಬ್ದವನ್ನು ಮುಚ್ಚಿಡುವುದಿಲ್ಲ, ಬೈಗುಳವಾಗಿಯೂ ಬಳಸುವುದಿಲ್ಲ. ‘ವಿನಾಪೋಟಿಗಳ್’ ಎಂದು ಬಹುವಚನದ ಗೌರವದಲ್ಲೇ ಕರೆಯುತ್ತದೆ. ಅವಳು ಮಹಾಕೂಟೇಶ್ವರನಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಜೊತೆಗೆ ಭೂಮಿ ಕೊಟ್ಟಳು. ಹಿರಣ್ಯಗರ್ಭ ದಾನವನ್ನೂ ಮಾಡಿದಳು. ಚಿನ್ನದ ಪಾತ್ರೆಯೊಳಗೆ ಹೊಕ್ಕು ಹೊಸದಾಗಿ ಹುಟ್ಟಿದಂತೆ ಹೊರಬಂದು, ಆ ಚಿನ್ನವನ್ನು ಹಂಚುವ ಮಹಾದಾನವದು, ದೊಡ್ಡ ರಾಜರು ಮಾಡಿದೆವೆಂದು ಹೇಳಿಕೊಳ್ಳುತ್ತಿದ್ದ ದಾನ. ದಾನಪತ್ರದಲ್ಲಿ ವಂಶಾವಳಿ ಇರಬೇಕಲ್ಲ? ಇಲ್ಲೂ ಇದೆ. ಅಜ್ಜಿ ರೇವಮಂಚಲು, ಅವಳ ಮಗಳು ಕುಚಿಪೋಟಿ, ಅವಳ ಮಗಳು ವಿನಾಪೋಟಿ. ಅಪ್ಪನ ಹೆಸರಿಲ್ಲ, ಅಜ್ಜನ ಹೆಸರಿಲ್ಲ. ಕೊನೆಗೆ ಈ ದಾನ ಅಳಿದವನಿಗೂ ಮಹಾಪಾತಕವಿದೆ. ಅದು ಅವನೊಬ್ಬನಿಗೇ.

ನಮ್ಮ ಕಡೆಯ ಗಧೇಗಾಳ್ ಕಲ್ಲುಗಳಲ್ಲಿ ಕೆಲವು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ ಸೇರಿವೆ. ಉಳಿದವು ಹೊಲದ ಬದುವಿನಲ್ಲಿ, ಗುಡಿಯ ಹಿಂದೆ ನಿಂತಿವೆ. ಕೆಲವು ಊರುಗಳಲ್ಲಿ ಅವನ್ನು ಅಪಶಕುನವೆಂದು ಮುಟ್ಟುವುದಿಲ್ಲ. ಇನ್ನು ಕೆಲವು ಕಡೆ ಅಕ್ಷರ ಸವೆದು, ಕತ್ತೆ ಯಾವುದು ಹೆಂಗಸು ಯಾವುದು ಎಂದು ತಿಳಿಯದಂತಾಗಿ, ಊರವರು ಆ ಕಲ್ಲಿಗೆ ಸಿಂಧೂರ ಬಳಿದು ದೇವಿ ಎಂದು ಪೂಜೆ ಮಾಡುತ್ತಾರೆ.