ಹೂಗಳ ಕಣಿವೆಯಲ್ಲಿ ಕುರಿಗಳ ತಕರಾರು

1931ರ ಜೂನ್ 21ರಂದು ಗಢವಾಲ ಹಿಮಾಲಯದ ಕಾಮೆಟ್ ಶಿಖರವನ್ನು ಮನುಷ್ಯ ಮೊದಲ ಸಲ ಏರಿದ. 7,756 ಮೀಟರ್ ಎತ್ತರದ ಈ ಶಿಖರ ಅಲ್ಲಿಯವರೆಗೆ ಹತ್ತಲಾಗಿದ್ದ ಶಿಖರಗಳಲ್ಲೆಲ್ಲ ಎತ್ತರದ್ದು. ತಂಡದ ನಾಯಕ ಇಂಗ್ಲೆಂಡಿನ ಫ್ರಾಂಕ್ ಸ್ಮೈತ್. ಆದರೆ ಕಾಮೆಟ್ಟನ್ನು ಈಗ ನೆನೆಯುವವರು ಕಡಿಮೆ. ಹಿಂದಿರುಗುವಾಗ ತಂಡ ಇಳಿದ ಭ್ಯೂಂದರ್ ಕಣಿವೆಯಿಂದಾಗಿಯೇ ಸ್ಮೈತ್‌ನ ಹೆಸರು ಉಳಿದುಕೊಂಡಿತು. ಅಲ್ಲಿ ಕಂಡ ಹೂಗಳು ಅವನನ್ನು ಎಷ್ಟು ಕಾಡಿದವೆಂದರೆ 1937ರಲ್ಲಿ ಮತ್ತೆ ಬಂದು ಬೀಜ, ಗೆಡ್ಡೆಗಳನ್ನು ಸಂಗ್ರಹಿಸಿಕೊಂಡು ಹೋದ. ಮರುವರ್ಷ ‘ದಿ ವ್ಯಾಲಿ ಆಫ್ ಫ್ಲವರ್ಸ್’ ಎಂಬ ಪುಸ್ತಕ ಬಂತು; ಕಣಿವೆಗೆ ಅದೇ ಹೆಸರಾಯಿತು. 1939ರಲ್ಲಿ ಇಲ್ಲಿಗೆ ಹೂ ಹುಡುಕುತ್ತ ಬಂದ ಜೋನ್ ಮಾರ್ಗರೆಟ್ ಲೆಗ್ ಎಂಬಾಕೆ ಬಂಡೆಯಿಂದ ಜಾರಿ ಬಿದ್ದು ತೀರಿಕೊಂಡರು. ಅವರ ಸಮಾಧಿಯನ್ನು ಪ್ರವಾಸಿಗರು ಇಂದಿಗೂ ನೋಡುತ್ತಾರೆ.

ಕಣಿವೆಯನ್ನು ಸ್ಮೈತ್ ‘ಕಂಡುಹಿಡಿದ’ ಎಂದು ಬರೆಯುವ ರೂಢಿ ಉಂಟು. ಕೆಳಗಿನ ಭ್ಯೂಂದರ್, ಪುಲ್ನಾ ಹಳ್ಳಿಗಳವರಿಗೆ ಇದನ್ನು ಕೇಳಿದರೆ ನಗು ಬರಬೇಕು. ಹಿಮ ಕರಗುತ್ತಲೇ ಕುರಿ, ಮೇಕೆ, ದನಗಳನ್ನು ಹೊಡೆದುಕೊಂಡು ಮೇಲೆ ಹೋಗುವುದು, ಚಳಿ ಬೀಳುವ ಮೊದಲು ಇಳಿದು ಬರುವುದು ಅವರ ತಲೆತಲಾಂತರದ ಕ್ರಮವಾಗಿತ್ತು. ಮರಗಳ ಗಡಿ ದಾಟಿದ ಮೇಲೆ ಸಿಗುವ ಇಂಥ ಹುಲ್ಲುಗಾವಲುಗಳಿಗೆ ಗಢವಾಲಿಗಳು ‘ಬುಗ್ಯಾಲ್’ ಎನ್ನುತ್ತಾರೆ. ಸ್ಮೈತ್ ಮರುಳಾದದ್ದು ಮನುಷ್ಯರು ಮುಟ್ಟದ ತೋಟಕ್ಕಲ್ಲ, ಕುರಿಗಳು ಮೇಯ್ದುಕೊಂಡಿದ್ದ ಬುಗ್ಯಾಲಿಗೆ. ಮುಂದಿನ ತಕರಾರಿನ ಬೇರು ಇಲ್ಲೇ ಇದೆ.

1982ರಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ 87.5 ಚದರ ಕಿಲೋಮೀಟರ್. ಕುರಿ ಮೇಯಿಸುವುದು ನಿಂತಿತು. ಹಸಿದ ಹಿಂಡಿನಿಂದ ಅಪರೂಪದ ಗಿಡಗಳನ್ನು ಉಳಿಸಬೇಕೆಂಬ ಉದ್ದೇಶವೇನೋ ಸರಿಯೇ. ಆದರೆ ಕೆಲವೇ ವರ್ಷಗಳಲ್ಲಿ ಒಂದು ಗಿಡದ ಬಗ್ಗೆ ದೂರು ಕೇಳಿಬರತೊಡಗಿತು. ಊರವರ ಮಾತಿನಲ್ಲಿ ಅದು ‘ಅಮೇಲಾ’. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಬಹುಕಾಲ ಪಾಲಿಗೋನಂ ಪಾಲಿಸ್ಟಾಕಿಯಂ. ಅಗಲವಾದ ಎಲೆ, ಆಳೆತ್ತರದ ಬೆಳೆ, ನೆಲದೊಳಗೇ ಹಬ್ಬುವ ಬೇರುಕಾಂಡ. ಅದು ಹರಡಿದ ಕಡೆ ಕೆಳಗಿನ ಸಣ್ಣ ಗಿಡಗಳಿಗೆ ಬಿಸಿಲು ಸಿಗದು. ಇದು ನಮ್ಮಲ್ಲಿನ ಲಂಟಾನದಂತೆ ಹೊರಗಿನಿಂದ ಬಂದ ಕಳೆಯೂ ಅಲ್ಲ, ಹಿಮಾಲಯದ್ದೇ ಗಿಡ. (ಇಂಗ್ಲೆಂಡಿನವರು ಇದನ್ನು ಚೆಂದವೆಂದು ತೋಟಕ್ಕೆ ಒಯ್ದರು; ಅಲ್ಲಿ ಬೇಲಿ ದಾಟಿ ಹಬ್ಬಿ ಪೀಡೆಯಾಗಿದೆ!)

ಕುರಿಗಳನ್ನು ಹೊರಗಿಟ್ಟದ್ದೇ ತಪ್ಪಾಯಿತು, ಅವು ಎತ್ತರದ ಗಿಡಗಳನ್ನು ಮೇಯ್ದು ತುಳಿದು ಹದದಲ್ಲಿಡುತ್ತಿದ್ದವು ಎಂದು ಒಂದು ಪಕ್ಷ ವಾದಿಸಿತು. ಇದಕ್ಕೆ ಒಪ್ಪದವರಲ್ಲಿ ಮುಖ್ಯರು ಕಣಿವೆಯಲ್ಲಿ ವರ್ಷಗಟ್ಟಲೆ ಓಡಾಡಿದ ಸಸ್ಯವಿಜ್ಞಾನಿ ಚಂದ್ರಪ್ರಕಾಶ ಕಾಲಾ. ಅಮೇಲಾ ದಟ್ಟವಾಗಿರುವುದು ಹಿಮ ಜಾರಿ, ಮಣ್ಣು ಕುಸಿದು ಕದಡಿದ ಜಾಗಗಳಲ್ಲಿ ಮತ್ತು ಹಿಂದೆ ಹಿಂಡು ತಂಗುತ್ತಿದ್ದ ಬಿಡಾರಗಳಲ್ಲಿ; ಹಾಗಾಗಿ ಮೇವು ನಿಂತದ್ದಕ್ಕೆ ದೋಷ ಹೊರಿಸುವುದು ಸಲ್ಲದು ಎಂಬುದು ಅವರ ವಾದ.

ಬಿಡಾರದ ಮಾತನ್ನು ಬಯಲುಸೀಮೆಯ ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಲದಲ್ಲಿ ಕುರಿಮಂದೆ ನಿಲ್ಲಿಸುವುದು ಗೊಬ್ಬರಕ್ಕೇ ತಾನೆ? ಪ್ರತಿ ಬೇಸಿಗೆ ಒಂದೇ ಜಾಗದಲ್ಲಿ ಹಿಂಡು ಮಲಗಿದರೆ ಹಿಕ್ಕೆ, ಗಂಜಲಗಳಿಂದ ಅಲ್ಲಿ ಸಾರಜನಕ ತುಂಬಿಕೊಳ್ಳುತ್ತದೆ. ಬಡ ಮಣ್ಣಿಗೆ ಒಗ್ಗಿದ ಪುಟ್ಟ ಹೂಗಿಡಗಳು ಅಲ್ಲಿ ಸೋಲುತ್ತವೆ. ಗೊಬ್ಬರ ಕಂಡರೆ ಉಬ್ಬುವ ಒರಟು ಗಿಡಗಳು ಗೆಲ್ಲುತ್ತವೆ. ಕುರಿ ಹೋದ ಮೇಲೂ ಈ ಗೊಬ್ಬರದ ಗುರುತು ಬೇಗ ಅಳಿಯುವುದಿಲ್ಲ. ಹೀಗೆ ಒಂದೇ ಕುರಿ ಹಗಲು ಮೇಯುವ ಇಳಿಜಾರಿನಲ್ಲಿ ಸಣ್ಣ ಗಿಡಕ್ಕೆ ಬಿಸಿಲು ಬಿಡಿಸಿಕೊಡುತ್ತದೆ, ರಾತ್ರಿ ಮಲಗುವಲ್ಲಿ ಅದರ ಸರ್ವನಾಶ ಮಾಡುತ್ತದೆ. ಎಷ್ಟು ಕುರಿ, ಯಾವ ತಿಂಗಳು, ಎಷ್ಟು ದಿನ ಎಂಬುದನ್ನು ಬಿಟ್ಟು ‘ಕುರಿ ಬೇಕೇ ಬೇಡವೇ’ ಎಂದು ಜಗಳಾಡುವುದರಲ್ಲಿ ಅರ್ಥ ಕಡಿಮೆ.

ಅದೇ 1982ರಲ್ಲಿ ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲೂ ದನ, ಎಮ್ಮೆಗಳ ಪ್ರವೇಶ ನಿಷೇಧವಾಯಿತು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಹತ್ತು ವರ್ಷ ಅಲ್ಲಿ ಅಧ್ಯಯನ ನಡೆಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಂಡದ್ದು ಬೇರೆಯೇ: ಎಮ್ಮೆಗಳಿಲ್ಲದೆ ನೀರಿನ ಹುಲ್ಲು ಮಿತಿಮೀರಿ ಬೆಳೆದು ಹಕ್ಕಿಗಳಿಗೆ ಬೇಕಾದ ತೆರೆದ ನೀರನ್ನೇ ಮುಚ್ಚಿತ್ತು. ಭರತಪುರದ ಕೆರೆಯ ಪಾಠವನ್ನು ಹಿಮಾಲಯದ ಇಳಿಜಾರಿಗೆ ಹಾಗೆಯೇ ಅನ್ವಯಿಸಲಾಗದು, ನಿಜ. ಆದರೆ ಅಳೆದು ನೋಡುವ ಮೊದಲೇ ನಿಷೇಧ ಹೇರುವ ಅಭ್ಯಾಸ ಎರಡೂ ಕಡೆ ಒಂದೇ.

ಈ ಜಗಳಕ್ಕೆ ಈಚೆಗೆ ಮೂರನೆಯ ಕಕ್ಷಿದಾರನೊಬ್ಬ ಸೇರಿಕೊಂಡಿದ್ದಾನೆ: ಏರುತ್ತಿರುವ ತಾಪಮಾನ. ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ಬೆಳೆಯಲು ಅವಕಾಶವಿರುವ ಈ ಗಿಡಗಳಿಗೆ ಹಿಮ ಕರಗುವ ದಿನವೇ ಯುಗಾದಿ. ಅದು ಬೇಗ ಬಂದರೆ ಮೊಗ್ಗೂ ಬೇಗ ಮೂಡುತ್ತದೆ, ಆಮೇಲೆ ಬೀಳುವ ಇಬ್ಬನಿಗಟ್ಟಿದ ಚಳಿಗೆ ಕರಟಿಹೋಗುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ ಜಾನ್ ಹಾರ್ಟ್ ಎಂಬ ವಿಜ್ಞಾನಿ 1990ರ ದಶಕದ ಆರಂಭದಿಂದ ಹುಲ್ಲುಗಾವಲಿನ ತುಂಡುಗಳ ಮೇಲೆ ವಿದ್ಯುತ್ ಹೀಟರುಗಳನ್ನು ತೂಗುಹಾಕಿ ಹಗಲಿರುಳು ಕಾಯಿಸಿ ನೋಡಿದರು. ಹೂಗಿಡಗಳು ಹಿಂದೆ ಸರಿದವು, ಸೇಜ್‌ಬ್ರಷ್ ಎಂಬ ಒಣನೆಲದ ಪೊದೆ ಮುಂದೆ ಬಂತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಟಿಬೆಟ್ ಪ್ರಸ್ಥಭೂಮಿಯ ಈಶಾನ್ಯದ ಪ್ರಯೋಗ. ಸುಮಾರು 3,200 ಮೀಟರ್ ಎತ್ತರದ ಹುಲ್ಲುಗಾವಲಿನಲ್ಲಿ ಜೂಲಿಯಾ ಕ್ಲೈನ್ ಮತ್ತು ಸಂಗಡಿಗರು ನೆತ್ತಿ ತೆರೆದ ಸಣ್ಣ ಪಾರದರ್ಶಕ ಗೂಡುಗಳನ್ನಿಟ್ಟು ಒಳಗಿನ ಗಾಳಿಯನ್ನು ಸ್ವಲ್ಪ ಬೆಚ್ಚಗೆ ಮಾಡಿದರು. ಕೆಲವು ತುಂಡುಗಳಲ್ಲಿ ಕುರಿ ಮೇಯ್ದಂತೆ ಹುಲ್ಲು ಕತ್ತರಿಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶ ಹಲವರನ್ನು ಬೆಚ್ಚಿಬೀಳಿಸಿತು. ಕಾಯಿಸಿದ ತುಂಡುಗಳಲ್ಲಿ ಕೆಲವೇ ವರ್ಷಗಳಲ್ಲಿ ಸಸ್ಯಜಾತಿಗಳ ಸಂಖ್ಯೆ ಶೇಕಡ 26ರಿಂದ 36ರಷ್ಟು ಕುಸಿದಿತ್ತು. ಹುಲ್ಲು ಕತ್ತರಿಸಿದಲ್ಲಿ ಮಾತ್ರ ಈ ನಷ್ಟ ಕಡಿಮೆಯಾಗಿತ್ತು. ಕಾವಿನಿಂದಾಗಿ ಸತ್ತ ಎಲೆಗಳ ಹಾಸು ದಪ್ಪವಾಗಿ ಸಣ್ಣ ಗಿಡಗಳನ್ನು ಮುಚ್ಚುತ್ತದೆ, ಮೇವು ಅದನ್ನು ತೆಳುಮಾಡುತ್ತದೆ ಎಂಬುದು ಸಂಶೋಧಕರು ಕೊಟ್ಟ ವಿವರಣೆಗಳಲ್ಲಿ ಒಂದು. ಚೀನಾ ಸರ್ಕಾರ ಟಿಬೆಟಿನ ಕುರಿಗಾಹಿಗಳನ್ನು ಹುಲ್ಲುಗಾವಲಿನಿಂದ ಎಬ್ಬಿಸಿ ಬೇಲಿ ಹಾಕಿಸುತ್ತಿದ್ದ ಕಾಲದಲ್ಲೇ ಈ ಫಲಿತಾಂಶ ಬಂತೆಂಬುದನ್ನು ಮರೆಯಬಾರದು.

ಹಾಗಾದರೆ ಹೂಗಳ ಕಣಿವೆಗೆ ಕುರಿಗಳನ್ನು ಮತ್ತೆ ಬಿಡಬೇಕೆ? ಟಿಬೆಟಿನ ಒಣಹವೆ ಬೇರೆ, ಮುಂಗಾರಿನಲ್ಲಿ ತೊಯ್ಯುವ ಗಢವಾಲದ ಕಣಿವೆ ಬೇರೆ. ಕತ್ತರಿ ಬೇರೆ, ಕುರಿಯ ಗೊರಸು ಬೇರೆ. ಮಿತಿಮೀರಿದ ಮೇವಿನಿಂದ ಇಳಿಜಾರಿನ ಮಣ್ಣು ಕಿತ್ತುಹೋದ ಬುಗ್ಯಾಲ್‌ಗಳೂ ಉತ್ತರಾಖಂಡದಲ್ಲಿ ಇವೆ. 2005ರಿಂದ ಕಣಿವೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ, ಅಲ್ಲಿ ಯಾರೂ ಸುಲಭವಾಗಿ ಕೈ ಆಡಿಸಲಾರರು. ಆದರೂ ಕಣಿವೆಯ ಒಂದು ಮೂಲೆಯಲ್ಲಿ ನಾಲ್ಕಾರು ತುಂಡು ನೆಲ ಗುರುತಿಸಿ, ಎಣಿಸಿದಷ್ಟು ಕುರಿಗಳನ್ನು ಎಣಿಸಿದಷ್ಟು ದಿನ ಬಿಟ್ಟು, ಪಕ್ಕದಲ್ಲಿ ಕುರಿಯಿಲ್ಲದ ತುಂಡುಗಳನ್ನಿಟ್ಟು ಹತ್ತು ವರ್ಷ ನೋಡುವುದಕ್ಕೆ ಅಡ್ಡಿ ಇರಬಾರದು. ಎಲ್ಲಿ ಬಿಡಬೇಕು, ಯಾವಾಗ ಎಬ್ಬಿಸಬೇಕು ಎಂದು ಹೇಳಬಲ್ಲ ಹಿರಿಯರು ಭ್ಯೂಂದರ್‌ನಲ್ಲಿ ಈಗ ಬಹಳ ಮಂದಿ ಉಳಿದಿರಲಾರರು. ಊರಿನ ಎಳೆಯರ ಜೀವನ ನಡೆಯುತ್ತಿರುವುದು ಘಾಂಘರಿಯಾದ ಅಂಗಡಿ, ಹೋಟೆಲುಗಳಿಂದ, ಹೇಮಕುಂಡಕ್ಕೆ ಹೋಗುವ ಸಿಖ್ ಯಾತ್ರಿಕರಿಂದ. ಕಣಿವೆಯ ಅಮೇಲಾವನ್ನು ಅರಣ್ಯ ಇಲಾಖೆ ಕೂಲಿಯಾಳುಗಳನ್ನಿಟ್ಟು ಕೀಳಿಸುತ್ತ ಬಂದಿದೆ.